ಹೆಸರು ಹಿಡಿಸದ ಡೇಟಾಬೇಸ್

ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ಹೆಸರು ಕೇಳಿರ್ತೀರಿ. ಅಲ್ಲಿ ಮನೆತನದ ಹೆಸರು ಮೊದಲು ಬರುತ್ತೆ. ಅಂದರೆ 'ಡೆಂಗ್' ಅವರ ಸರ್‌ನೇಮ್, ಬರೆಯೋದು ಒಂದೇ ಅಕ್ಷರದಲ್ಲಿ. ಆ ಅಕ್ಷರವನ್ನು ಸ್ವಲ್ಪ ಬಿಚ್ಚಿ ನೋಡೋಣ.

ಹಳೆಯ ರೂಪದಲ್ಲಿ ಅದಕ್ಕೆ ಎರಡು ಭಾಗ. ಎಡಗಡೆಯದು ಉಚ್ಚಾರ ಹೇಳುತ್ತೆ. ಬಿಡಿಯಾಗಿ ಬರೆದರೂ ಅದನ್ನು 'ಡೆಂಗ್' ಅಂತಲೇ ಓದ್ತಾರೆ. ಬಲಗಡೆ ಕಿವಿಯಂತೆ ಕಾಣುವ ಒಂದು ಗುರುತು. ಅದು 'ಊರು' ಎಂಬ ಅರ್ಥದ ಅಕ್ಷರದ ಕಿರುರೂಪ. ಎರಡೂ ಸೇರಿದರೆ 'ಡೆಂಗ್ ಅಂತ ಕರೆಯೋ ಊರು'. ಅದೇ ಕಿವಿ ಎಡಗಡೆ ಇದ್ದರೆ ಅದರ ಮೂಲ ಬೇರೆ, ಅರ್ಥ 'ದಿಬ್ಬ'.

ಡೆಂಗ್ ನಿಜಕ್ಕೂ ಒಂದು ಪುಟ್ಟ ರಾಜ್ಯವಾಗಿತ್ತು. ಕ್ರಿ.ಪೂ. 678ರಲ್ಲಿ ಚು ರಾಜ್ಯ ಅದನ್ನು ನುಂಗಿತು. ರಾಜ್ಯ ಹೋಯ್ತು, ಹೆಸರು ಮನೆತನಗಳಲ್ಲಿ ಉಳೀತು. ಕ್ರಿ.ಪೂ. 375ರಲ್ಲಿ ಅಳಿದ ಝೆಂಗ್ ರಾಜ್ಯದ ಕಥೆಯೂ ಇದೇ. ಆ ಅಕ್ಷರದ ಬಲಕ್ಕೂ ಅದೇ ಕಿವಿ.

ಡೆಂಗ್, ಝೆಂಗ್ ಲಕ್ಷಾಂತರ ಜನರ ಹೆಸರು, ಹಾಗಾಗಿ ಅವಕ್ಕೆ ತೊಂದರೆ ಇಲ್ಲ. ಆದರೆ ಒಂದು ಹಳ್ಳಿಗೋ ನಾಲ್ಕು ಮನೆಗಳಿಗೋ ಸೀಮಿತವಾದ ಅಕ್ಷರಗಳೂ ಇವೆ. 1980ರಲ್ಲಿ ಚೀನಾ ಕಂಪ್ಯೂಟರಿಗಾಗಿ ಮಾಡಿದ ಪಟ್ಟಿಯಲ್ಲಿ ಇದ್ದದ್ದು 6,763 ಅಕ್ಷರ. 1998ರಲ್ಲಿ ಪ್ರಧಾನಿಯಾದ ಝು ರೋಂಗ್‌ಜಿ ಅವರ ಹೆಸರಿನ ನಡುವಿನ ಅಕ್ಷರವೇ ಅದರಲ್ಲಿ ಇರಲಿಲ್ಲ! ಇನ್ನು ಸಾಮಾನ್ಯರ ಪಾಡೇನು? ಗುರುತಿನ ಚೀಟಿಯಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ಕೆಲವರು ಬೇರೆ ದಾರಿ ಕಾಣದೆ ಸರ್‌ನೇಮನ್ನೇ ಬದಲಿಸಿಕೊಂಡರು.

ಯೂನಿಕೋಡ್ ಶುರುವಾದಾಗ 16 ಬಿಟ್, ಅಂದರೆ 65,536 ಜಾಗ ಜಗತ್ತಿಗೆಲ್ಲ ಸಾಕು ಅಂದುಕೊಂಡಿದ್ದರು. ಸಾಕಾಗಲಿಲ್ಲ. ಈಗ ಚೀನೀ ಮೂಲದ ಅಕ್ಷರಗಳೇ 97,000 ದಾಟಿವೆ. 2023ರಲ್ಲಿ ಇನ್ನೂ 622 ಸೇರಿದವು. ಅವುಗಳಲ್ಲಿ ಹೆಚ್ಚಿನವು ಜನರ, ಊರುಗಳ ಹೆಸರಿಗೆ ಬೇಕಾದವು.

ಇದರಲ್ಲಿ ನಮಗೂ ಕೆಲಸವಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಸಾಕು. ಮೊದಲ 65,536ರ ಆಚೆಗಿನ ಈ ಅಪರೂಪದ ಅಕ್ಷರಗಳಿಗೆ 4 ಬೈಟ್ ಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಮೂರೇ ಬೈಟ್ ಹಿಡಿಯುತ್ತೆ. ಹಾಗಾಗಿ ನಮ್ಮ ಹೆಸರು ಹಾಕಿ ಟೆಸ್ಟ್ ಮಾಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತೆ, ಆ ಹಳ್ಳಿಯವರ ಹೆಸರು ಮಾತ್ರ ಒಳಗೆ ಹೋಗಲ್ಲ. ಮುಂದಿನ ಪ್ರಾಜೆಕ್ಟಿನಲ್ಲಿ ಹೆಸರಿನ ಕಾಲಂಗೆ 'ಯುಟಿಎಫ್8ಎಂಬಿ4' ಅಂತ ಕೊಡೋದು ಮರೀಬೇಡಿ.