ಸೊಂಟಕ್ಕೋ, ತೊಡೆಗೋ? ಟೆಕ್ಸಾಸಿನಲ್ಲಿ ಪಿಸ್ತೂಲಿನ ಒರೆ

ಕಳೆದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಎಫ್-1 ವೀಸಾದ ಮೇಲೆ ಬಂದು ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ಹುಡುಗ. ಆಸ್ಟಿನ್ ನಗರದ ಪಶ್ಚಿಮಕ್ಕೆ, ಇಲ್ಲಿಯವರು ಹಿಲ್ ಕಂಟ್ರಿ ಎಂದು ಕರೆಯುವ ಸೀಮೆಯಲ್ಲಿ ನಮಗೆ ಹನ್ನೆರಡು ಎಕರೆ ಜಮೀನಿದೆ. ಅಲ್ಲಿನ ಕೊಟ್ಟಿಗೆಯ ಮೊಳೆಗೆ ನೇತುಹಾಕಿದ್ದ, ತೊಡೆಗೆ ಕಟ್ಟುವ ಹೋಲ್‌ಸ್ಟರನ್ನು ಕಂಡೊಡನೆ ಅವನ ಕಣ್ಣರಳಿತು. “ಮಾವ, ಇದನ್ನು ಕಟ್ಟಿಕೊಂಡು, ನಿಮ್ಮ ಪಿಸ್ತೂಲು ಇಟ್ಟುಕೊಂಡು ಒಂದೇ ಒಂದು ಫೋಟೊ. ಗುಂಡು ತೆಗೆದೇ ಕೊಡಿ,” ಎಂದ. ನಾನು ಆಗದು ಎಂದೆ. ಏಕೆ ಆಗದು ಎಂಬುದನ್ನೂ, ಆ ಒರೆ ನನ್ನ ತೊಡೆಯನ್ನು ಬಿಟ್ಟು ಮೊಳೆ ಸೇರಿದ್ದೇಕೆ ಎಂಬುದನ್ನೂ ಇಲ್ಲಿ ಹೇಳಬೇಕಾಗಿದೆ.

ಕೊಡಗಿನಲ್ಲಿ ಹುಟ್ಟಿ ಬೆಳೆದ ನನಗೆ ಕೋವಿಯೂ ಹೊಸದಲ್ಲ, ಒರೆಯೂ ಹೊಸದಲ್ಲ. ಕೈಲ್ ಮುಹೂರ್ತದಂದು ಆಯುಧಗಳಿಗೆ ಪೂಜೆ ನಡೆಯುವುದನ್ನು ನೋಡುತ್ತಲೇ ದೊಡ್ಡವರಾದವರು ನಾವು. ಕೊಡವರ ಸಾಂಪ್ರದಾಯಿಕ ಉಡುಪನ್ನು ಗಮನಿಸಿದವರಿಗೆ ಗೊತ್ತು: ಅಗಲವಾದ ಒಡಿಕತ್ತಿ ಬೆನ್ನಿನ ತೊಡಂಗಿನಲ್ಲಿರುತ್ತದೆ, ಪುಟ್ಟ ಪೀಚೆಕತ್ತಿ ಮುಂಭಾಗದಲ್ಲಿ ಚೇಲೆಗೆ ಸಿಕ್ಕಿಸಿರುತ್ತದೆ. ದೊಡ್ಡದು ನಡಿಗೆಗೆ ಅಡ್ಡಬಾರದು, ಚಿಕ್ಕದು ಕೈಗೆಟುಕಬೇಕು. ಮೈಮೇಲೆ ಆಯುಧ ಎಲ್ಲಿ ಕೂರಬೇಕೆಂಬುದನ್ನು ಉಡುಪೂ ಕೆಲಸವೂ ಸೇರಿ ನಿರ್ಧರಿಸುತ್ತವೆ. ಈ ಸರಳ ಸತ್ಯವನ್ನು ಟೆಕ್ಸಾಸಿಗೆ ಬಂದ ಮೇಲೆ ನಾನು ಮರೆತಿದ್ದೆ.

ಇಲ್ಲಿ ಕಾಡುಹಂದಿಗಳ ಹಾವಳಿ ವಿಪರೀತ. ಕಲ್ಲುಸಂದಿಗಳಲ್ಲಿ ಬುಡುಬುಡಿಕೆ ಹಾವುಗಳಿರುತ್ತವೆ. ಜಮೀನಿನಲ್ಲಿ ಓಡಾಡುವವರು ಪಿಸ್ತೂಲು ಧರಿಸುವುದು ಸಾಮಾನ್ಯ. ಊರೊಳಗಿನ ಮಾತು ಬೇರೆ. 2016ರ ಜನವರಿ 1ರಿಂದ ಪರವಾನಗಿ ಇದ್ದವರು ಪಿಸ್ತೂಲನ್ನು ಹೊರಗೆ ಕಾಣುವಂತೆ ಧರಿಸಬಹುದಾಯಿತು. ಆದರೆ ಅದು ಹೆಗಲಿನ ಇಲ್ಲವೇ ಸೊಂಟಪಟ್ಟಿಯ ಒರೆಯಲ್ಲಿಯೇ ಇರಬೇಕೆಂದು ಕಾನೂನು ವಿಧಿಸಿತ್ತು. 2021ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಕಾನೂನು ಪರವಾನಗಿಯ ಅಗತ್ಯವನ್ನೇ ಬಹುಮಟ್ಟಿಗೆ ತೆಗೆದುಹಾಕಿತು. ಹೆಗಲು, ಸೊಂಟಪಟ್ಟಿ ಎಂಬ ಮಾತುಗಳನ್ನೂ ಕೈಬಿಟ್ಟು ‘ಒರೆ’ ಎಂದಷ್ಟೇ ಉಳಿಸಿತು. ತೊಡೆಯ ಒರೆಯ ವ್ಯಾಮೋಹಕ್ಕೆ ಕಾನೂನಿನ ಅಡ್ಡಿಯೂ ಇಲ್ಲವಾಯಿತು.

ಹಾಗಿದ್ದರೆ ತೊಡೆಯ ಒರೆ ಹುಟ್ಟಿದ್ದೇಕೆ? ಗುಂಡುನಿರೋಧಕ ಕವಚ ತೊಟ್ಟ ಸೈನಿಕನ ಅಥವಾ ಪೊಲೀಸ್ ವಿಶೇಷ ದಳದವನ ಸೊಂಟವನ್ನು ಆ ಕವಚದ ಅಂಚೂ ಮದ್ದುಗುಂಡಿನ ಚೀಲಗಳೂ ಆವರಿಸಿಕೊಂಡಿರುತ್ತವೆ. ಸೊಂಟದಲ್ಲಿರುವ ಪಿಸ್ತೂಲಿಗೆ ಕೈ ಹೋಗುವುದೇ ಕಷ್ಟ. ಆದ್ದರಿಂದ ಒರೆಯನ್ನು ಪಟ್ಟಿಯಿಂದ ಇಳಿಬಿಟ್ಟು ತೊಡೆಗೆ ಬಿಗಿಯುತ್ತಾರೆ. ಅಂಥವರೂ ಅದನ್ನು ಮಂಡಿಯವರೆಗೆ ಇಳಿಸುವುದಿಲ್ಲ. ಕವಚದ ಅಂಚನ್ನು ದಾಟಿದರೆ ಸಾಕು. ಕವಚವೇ ಇಲ್ಲದವನಿಗೆ ಇದರಿಂದ ದೊರೆಯುವುದು ತೊಂದರೆ ಮಾತ್ರ. ಒಂದು ಕಿಲೋ ಸಮೀಪದ ಭಾರ ಪ್ರತಿ ಹೆಜ್ಜೆಗೂ ತೊಡೆಯೊಡನೆ ತೂಗಾಡುತ್ತದೆ. ಪಟ್ಟಿ ಸಡಿಲಿಸಿದರೆ ಒರೆ ಸುತ್ತ ತಿರುಗುತ್ತದೆ, ಬಿಗಿದರೆ ರಕ್ತ ಹರಿಯದೆ ಕಾಲು ಜೋಮುಹಿಡಿಯುತ್ತದೆ. ಪೊದೆ, ಬೇಲಿ, ಕಾರಿನ ಬಾಗಿಲು ಎಲ್ಲವಕ್ಕೂ ಅದು ಸಿಕ್ಕಿಕೊಳ್ಳುತ್ತದೆ.

ಇದೆಲ್ಲ ನನಗೆ ತಿಳಿದದ್ದು ಮೂರು ವರ್ಷದ ಹಿಂದಿನ ಮಾರ್ಚ್ ತಿಂಗಳ ಒಂದು ಸಂಜೆ. ಸಿನಿಮಾದ ಪ್ರಭಾವವೆಂದೇ ಒಪ್ಪಿಕೊಳ್ಳುತ್ತೇನೆ. ತೊಡೆಯ ಒರೆ ಕಟ್ಟಿಕೊಂಡು, ಹಂದಿಗಳು ಕಿತ್ತ ಬೇಲಿ ಸರಿಪಡಿಸಲು ಹೋಗಿದ್ದೆ. ಮುಳ್ಳುತಂತಿಯ ನಡುವೆ ಬಗ್ಗಿ ನುಸುಳಿದೆ, ಕೆಲಸ ಮುಗಿಸಿದೆ, ಮನೆಗೆ ಬಂದೆ. ಬೂಟು ಕಳಚಲು ಕುಳಿತಾಗ ಒರೆ ಖಾಲಿಯಾಗಿತ್ತು. ಹೆಂಡತಿಯೂ ನಾನೂ ಟಾರ್ಚ್ ಹಿಡಿದು ಬೇಲಿಯುದ್ದಕ್ಕೂ ಹುಡುಕಿದೆವು. ಅದು ಜಿಂಕೆಗಳ ಕೊಂಬು ಉದುರುವ ಕಾಲ. ನೆರೆಮನೆಯ ಇಬ್ಬರು ಮಕ್ಕಳು ಶಾಲೆ ಬಿಟ್ಟ ಮೇಲೆ ಕೊಂಬು ಹೆಕ್ಕಲು ಅದೇ ಹಾದಿಯಲ್ಲಿ ಬರುತ್ತಿದ್ದರು. ಎರಡು ಗಂಟೆಯ ನಂತರ ಒಣಹುಲ್ಲಿನಲ್ಲಿ ಪಿಸ್ತೂಲು ಸಿಕ್ಕಿತು, ಗುಂಡು ತುಂಬಿದ ಸ್ಥಿತಿಯಲ್ಲೇ. ಹೆಂಡತಿ ಅಂದು ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮರುವಾರವೇ ಸೊಂಟದ ಒರೆಗೆ ಮರಳಿದೆ. ಬಲಗೈಯವರಿಗೆ ಬಲಸೊಂಟದ ಮೂಳೆಯ ಹಿಂದುಮುಂದು, ಮೈಗೆ ಒತ್ತಿಕೊಂಡಂತೆ ಅದು ಕೂರುತ್ತದೆ. ಭಾರವನ್ನು ಸೊಂಟವೇ ಹೊರುತ್ತದೆ. ಇದಕ್ಕೆ ಬಾಗದ, ಗಟ್ಟಿಯಾದ ಒಂದೂವರೆ ಇಂಚಿನ ಬೆಲ್ಟ್ ಅತ್ಯವಶ್ಯ. ಒರೆ ಕುದುರೆಗುಂಡಿಯನ್ನು ಪೂರ್ತಿ ಮುಚ್ಚಬೇಕು. ಆಯಾ ಮಾದರಿಯ ಪಿಸ್ತೂಲಿಗೆಂದೇ ಅಚ್ಚು ಹಾಕಿದ್ದಾಗಿರಬೇಕು. ಹೊರಗೆ ಕಾಣುವಂತೆ ಧರಿಸುವುದಾದರೆ ಬಿಗುವೊಂದನ್ನೇ ನಂಬದೆ, ಹೆಬ್ಬೆರಳಿನಿಂದ ಬಿಡಿಸುವ ಬೀಗದಂಥ ಕೊಂಡಿಯೂ ಇರಬೇಕು. ನನ್ನ ತೊಡೆಯ ಒರೆಗೆ ಆ ಕೊಂಡಿ ಇರಲಿಲ್ಲ. ಸೊಂಟದ ಒರೆಗೂ ಕುಂದುಗಳಿವೆ: ಕಾರಿನಲ್ಲಿ ಕುಳಿತಾಗ ಸೀಟ್‌ಬೆಲ್ಟಿಗೆ ತಗಲುತ್ತದೆ, ಚಳಿಗಾಲದ ಕೋಟು ಅದನ್ನು ಮುಚ್ಚುತ್ತದೆ. ಆದರೆ ಆಯುಧ ಸದಾ ಮೈಗಂಟಿ, ಅರಿವಿನಲ್ಲಿರುತ್ತದೆ. ಮನೆಗೆ ಬಂದೊಡನೆ ತಿಜೋರಿ ಸೇರುತ್ತದೆ. ಹದಿನೇಳು ತುಂಬದ ಮಕ್ಕಳಿಗೆ ಗುಂಡು ತುಂಬಿದ ಬಂದೂಕು ಎಟುಕುವಂತೆ ಇಡುವುದು ಟೆಕ್ಸಾಸಿನಲ್ಲಿ ಅಪರಾಧ.

ಇನ್ನು ಅಳಿಯನ ಫೋಟೊದ ಮಾತು. ಇಲ್ಲಿಗೆ ಬರಲು ಸಿದ್ಧರಾಗುತ್ತಿರುವವರು ಇದನ್ನು ಮನಸ್ಸಿನಲ್ಲಿಡಬೇಕು. ಟೆಕ್ಸಾಸ್ ಏನೇ ಹೇಳಲಿ, ಒಕ್ಕೂಟ ಸರ್ಕಾರದ ಕಾನೂನಿನಂತೆ ಎಫ್-1, ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವಂತಿಲ್ಲ. ಬೇಟೆಯ ಪರವಾನಗಿ ಇದ್ದವರಿಗೆ ದೊರೆಯುವಂಥ ಕೆಲವೇ ವಿನಾಯಿತಿಗಳಿವೆ. ಅವನ್ನು ವಕೀಲರಲ್ಲಿ ಕೇಳಿ ತಿಳಿಯದೆ ನಂಬಬಾರದು. ಕೈಯಲ್ಲಿ ಹಿಡಿದರೂ ಹೊಂದಿದಂತೆಯೇ. ಗುಂಡಿಲ್ಲದ ಪಿಸ್ತೂಲೂ ಪಿಸ್ತೂಲೇ. ತಿಳಿದೂ ಕೊಟ್ಟವನೂ ಅಪರಾಧಿ. ಶಿಕ್ಷೆ 15 ವರ್ಷದವರೆಗೂ ಹೋಗಬಹುದು, ವೀಸಾದ ಕಥೆಯೂ ಅಲ್ಲಿಗೆ ಮುಗಿಯಬಹುದು. ಗ್ರೀನ್ ಕಾರ್ಡ್ ಪಡೆದವರಿಗೆ ಈ ನಿರ್ಬಂಧವಿಲ್ಲ. ಹನ್ನೊಂದು ವರ್ಷ ಎಚ್-1ಬಿಯಲ್ಲಿದ್ದ ನಾನು ಅಷ್ಟೂ ಕಾಲ ಹಂದಿಗಳನ್ನು ಡಬ್ಬ ಬಡಿದೇ ಓಡಿಸಿದ್ದೇನೆ.

ಇಷ್ಟನ್ನೂ ಹೇಳಿದಾಗ ಹುಡುಗನ ಮುಖ ಬಾಡಿತು. “ಖಾಲಿ ಒರೆಗೆ ಯಾವ ಕಾನೂನೂ ಅಡ್ಡಿಯಿಲ್ಲ, ಬೇಕಾದರೆ ಕಟ್ಟಿಕೊಂಡು ಬೇಲಿಯವರೆಗೆ ಹೋಗಿ ಬಾ,” ಎಂದೆ. ಹೋದ. ಮರಳುವಷ್ಟರಲ್ಲಿ ಒರೆ ಜಾರಿ ಮಂಡಿಯ ಬಳಿ ಇಳಿದಿತ್ತು, ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದ. ಬಿಚ್ಚಿ ತಾನಾಗಿಯೇ ಮೊಳೆಗೆ ತೂಗುಹಾಕಿದ. ಅಕ್ಕನಿಗೆ ಕಳಿಸಿದ ಫೋಟೊದಲ್ಲಿ ಅವನ ಹಿಂದೆ ಇದ್ದದ್ದು ಓಕ್ ಮರವೊಂದೇ.