ಕೀಲಿನೊಳಗಣ ಸೂಜಿ: ಗುರಿಯ ನಿಷ್ಕೃಷ್ಟತೆಯನ್ನು ಅಳೆದ ಬಗೆ

ಕೀಲುಗಳ ಬೇನೆಗೆ ಔಷಧವನ್ನು ಬಾಯಿಯ ಮೂಲಕ ಕೊಡದೆ, ನೇರವಾಗಿ ಕೀಲಿನೊಳಕ್ಕೇ ಸೂಜಿಯಿಂದ ಸೇರಿಸುವ ಚಿಕಿತ್ಸೆಯು ಈಗ ಸರ್ವಸಾಧಾರಣವಾಗಿದೆ. ವಿಷಯವು ವೈದ್ಯಶಾಸ್ತ್ರದ್ದು, ಇತಿಹಾಸದ ಅಧ್ಯಾಪಕರಾದ ನಾವು ಇದನ್ನು ಕೈಗೆತ್ತಿಕೊಂಡುದಕ್ಕೆ ಕಾರಣವುಂಟು. ಸೂಜಿಯ ಮೊನೆಯು ಕೀಲಿನೊಳಗೆ ಹೋಯಿತೆಂಬುದಕ್ಕೆ ಪ್ರಮಾಣವೇನು? ಶಾಸನಗಳನ್ನೂ ಬಖೈರುಗಳನ್ನೂ ಪರೀಕ್ಷಿಸುವಾಗ ನಮಗೆ ಎದುರಾಗುವ ಪ್ರಶ್ನೆಯೂ ಈ ಜಾತಿಯದೇ. ಕಾರ್ಯ ಮಾಡಿದವನೇ ಸಾಕ್ಷಿಯೂ ಆಗಿರುವಲ್ಲಿ ಅವನ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು?

1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು, ಉರಿಯೂತದ ಸಂಧಿವಾತದಿಂದ ನರಳುತ್ತಿದ್ದ ರೋಗಿಯೊಬ್ಬರಿಗೆ ಮುಂದೆ ಕಾರ್ಟಿಸೋನ್ ಎಂದು ಹೆಸರಾದ ವಸ್ತುವನ್ನು ಮೊದಲಬಾರಿಗೆ ಕೊಟ್ಟರು. ಫಲವು ಬೆರಗುಗೊಳಿಸುವಂತಿತ್ತು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಈ ಮೂವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ದೇಹದಲ್ಲೆಲ್ಲ ಹರಡಿದ ಔಷಧವು ದೇಹಕ್ಕೆಲ್ಲ ಕೇಡನ್ನೂ ತರತೊಡಗಿತು. ನೋವಿರುವುದು ಒಂದು ಮಂಡಿಯಲ್ಲಿ. ಔಷಧವೂ ಅಲ್ಲಿಯೇ ಏಕಿರಬಾರದು? 1951ರಲ್ಲಿ ಫಿಲಡೆಲ್ಫಿಯದ ಜೋಸೆಫ್ ಹಾಲಂಡರ್ ಮತ್ತು ಸಹೋದ್ಯೋಗಿಗಳು, ಹೈಡ್ರೋಕಾರ್ಟಿಸೋನನ್ನು ಕೀಲಿನೊಳಗೇ ಸೇರಿಸಿ ಪಡೆದ ಫಲಿತಾಂಶವನ್ನು ಪ್ರಕಟಿಸಿದರು. ಇಂದಿನ ಪದ್ಧತಿಗೆ ಇದೇ ಮೂಲವೆನ್ನಬಹುದು.

ಆಮೇಲಿನ ನಾಲ್ಕು ದಶಕಗಳ ಕಾಲ ಸೂಜಿಗೆ ದಾರಿ ತೋರಿದುದು ವೈದ್ಯನ ಬೆರಳು. ಮೂಳೆಯ ಅಂಚುಗಳನ್ನು ತಡವಿ ಎಡೆಯನ್ನು ಗೊತ್ತುಮಾಡಿಕೊಳ್ಳುವುದು. ಸೂಜಿಗೆ ಎದುರಾಗುತ್ತಿದ್ದ ತಡೆಯು ತಟ್ಟನೆ ಸಡಿಲಿದರೆ ಒಳಹೊಕ್ಕಿತೆಂದು ತಿಳಿಯುವುದು. ಕೀಲಿನಲ್ಲಿ ನೀರು ತುಂಬಿದ್ದರೆ ಅದನ್ನು ಹೀರಿ ನೋಡಬಹುದು. ಅದು ಒಳ್ಳೆಯ ಸಾಕ್ಷ್ಯವೇ ಸರಿ. ನೀರಿಲ್ಲದ ಒಣ ಕೀಲಿನಲ್ಲಿ ಆ ಆಧಾರವೂ ಇಲ್ಲ. ಅಲ್ಲಿ ಉಳಿಯುವುದು ಕೈಯ ಅನುಭವವೊಂದೇ. ಅನುಭವವನ್ನು ನಾವು ಹಗುರವಾಗಿ ಕಾಣುವವರಲ್ಲ. ಆದರೆ ತನ್ನ ತಪ್ಪನ್ನು ಕಾಣಲು ಉಪಾಯವಿಲ್ಲದ ಅನುಭವವು ವರ್ಷಗಳು ಕಳೆದಂತೆ ಧೈರ್ಯವನ್ನು ಮಾತ್ರ ಬೆಳೆಸಿಕೊಳ್ಳುವುದುಂಟು.

1993ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ನಾಟಿಂಗ್‌ಹ್ಯಾಮಿನ ವೈದ್ಯರ ಲೇಖನವೊಂದು ಬಂದಿತು. ಅವರು ಮಾಡಿದುದಿಷ್ಟೆ: ಔಷಧದೊಡನೆ ಕ್ಷ-ಕಿರಣಕ್ಕೆ ಕಾಣುವಂಥ ದ್ರವವನ್ನು ಬೆರೆಸಿ, ಚುಚ್ಚಿದ ಬಳಿಕ ಚಿತ್ರ ತೆಗೆದರು. ಸುಮಾರು ನೂರು ಕೀಲುಗಳಲ್ಲಿ ಅರ್ಧಕ್ಕೆ ತುಸು ಹೆಚ್ಚಿನವುಗಳಲ್ಲಿ ಮಾತ್ರ ಔಷಧವು ಕೀಲಿನೊಳಗಿತ್ತು. ತಲುಪಲು ಸುಲಭವೆನ್ನಿಸಿಕೊಂಡ ಮಂಡಿಯಲ್ಲಿ ಕೂಡ ಮೂರರಲ್ಲೊಂದು ಪಾಲು ಹೊರಗೆ ಬಿದ್ದಿತ್ತು. ಸಾಧನವೇನೂ ಹೊಸದಲ್ಲ, ಕ್ಷ-ಕಿರಣವು 1895ರಿಂದಲೂ ತಿಳಿದದ್ದು. ಕೊರತೆಯಿದ್ದುದು ಸಂದೇಹದಲ್ಲಿ.

ತಪ್ಪು ಕಂಡಮೇಲೆ ಅದರ ಕಾರಣಗಳನ್ನು ಹುಡುಕುವುದು ಸಾಧ್ಯವಾಯಿತು. 2002ರಲ್ಲಿ ಜ್ಯಾಕ್ಸನ್ ಮತ್ತು ಸಂಗಡಿಗರು, ನೀರು ತುಂಬಿರದ ಮಂಡಿಗಳಿಗೆ ಮೂರು ದಾರಿಗಳಿಂದ ಸೂಜಿಯನ್ನು ಹಾಯಿಸಿ ಒಟ್ಟು 240 ಪ್ರಯೋಗಗಳನ್ನು ಪರೀಕ್ಷಿಸಿದರು. ಮಂಡಿಚಿಪ್ಪಿನ ಹೊರಮಗ್ಗುಲಿನ ನಡುವಿನಿಂದ ಹೋದಾಗ ಶೇಕಡ 93ರಷ್ಟು ಗುರಿ ಮುಟ್ಟಿತು. ಮುಂಭಾಗದಿಂದ, ಚಿಪ್ಪಿನ ಕೆಳಗೆ ಒಳಬದಿಯಲ್ಲಿ ಚುಚ್ಚಿದಾಗ ಶೇಕಡ 75. ಹೊರಬದಿಯಲ್ಲಿ ಚುಚ್ಚಿದಾಗ 71. ಎಲ್ಲವನ್ನೂ ಚುಚ್ಚಿದುದು ನುರಿತ ಒಂದೇ ಕೈ ಎಂಬುದನ್ನು ವಾಚಕರು ಗಮನಿಸಬೇಕು. ವ್ಯತ್ಯಾಸವು ಕೈಯದಲ್ಲ, ದಾರಿಯದು. ಮುಂಭಾಗದಲ್ಲಿ ಚಿಪ್ಪಿನ ಕೆಳಗೆ ಕೊಬ್ಬಿನ ಮೆತ್ತೆಯೊಂದಿದೆ. ಸೂಜಿಯು ಅದನ್ನು ದಾಟುವ ಮೊದಲೇ ಔಷಧವು ಅಲ್ಲಿ ಇಳಿದುಬಿಡಬಹುದು. ಮಗ್ಗುಲಿನಿಂದ ಹೋಗುವ ಸೂಜಿಯಾದರೋ, ಚಿಪ್ಪಿಗೂ ತೊಡೆಮೂಳೆಗೂ ನಡುವಣ ಸಂದಿಯನ್ನು ಹತ್ತಿರದಿಂದಲೇ ಸೇರುತ್ತದೆ.

ಕ್ಷ-ಕಿರಣವು ಆದುದನ್ನು ಹೇಳಿತು. ಆಗುತ್ತಿರುವುದನ್ನು, ಕಿರಣದ ಅಪಾಯವಿಲ್ಲದೆ, ತೋರಿಸಬಲ್ಲುದು ಅಲ್ಟ್ರಾಸೌಂಡ್. ಗರ್ಭಿಣಿಯರ ಪರೀಕ್ಷೆಯಿಂದ ಹೆಸರಾದ ಈ ಉಪಕರಣವನ್ನು 1972ರ ವೇಳೆಗೆ ಮಂಡಿಯ ಹಿಂಬದಿಯ ನೀರುಗಂಟನ್ನು ಗುರುತಿಸಲೂ ಬಳಸಿದ್ದರು. 2010ರಲ್ಲಿ ಕನಿಂಗ್‌ಟನ್ ಮತ್ತು ಸಂಗಡಿಗರು ಪ್ರಕಟಿಸಿದ ಪರೀಕ್ಷೆಯು ಈ ಚರಿತ್ರೆಯಲ್ಲಿ ನಮಗೆ ಅತ್ಯಂತ ಸ್ವಾರಸ್ಯಕರವಾಗಿ ತೋರುತ್ತದೆ. ರೋಗಿಗಳು 184 ಮಂದಿ. ಒಂದು ಗುಂಪಿಗೆ ಹಿರಿಯ ವೈದ್ಯರು ಕೈಯ ಅಂದಾಜಿನಿಂದ ಚುಚ್ಚಿದರು. ಇನ್ನೊಂದು ಗುಂಪಿಗೆ, ಇನ್ನೂ ತರಬೇತಿಯಲ್ಲಿದ್ದ ವೈದ್ಯರೊಬ್ಬರು ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಚುಚ್ಚಿದರು. ಹಿರಿಯರ ಗುರಿ ಶೇಕಡ 66ರಷ್ಟು ಸರಿಯಾಯಿತು, ಕಿರಿಯರದು 83.

ಇಲ್ಲಿಗೆ ವಿಷಯವು ಇತ್ಯರ್ಥವಾಯಿತೆಂದು ಭಾವಿಸುವಂತಿಲ್ಲ. ಅದೇ ಪರೀಕ್ಷೆಯಲ್ಲಿ ಎರಡು ಗುಂಪುಗಳನ್ನು ಒಟ್ಟಾರೆ ಹೋಲಿಸಿದಾಗ ರೋಗಿಗಳ ಉಪಶಮನದಲ್ಲಿ ಗಣನೀಯ ಅಂತರವು ಕಾಣಲಿಲ್ಲ. ಆದರೂ, ಯಾವ ವಿಧಾನದಿಂದಲಾದರೂ ಔಷಧವು ನಿಜವಾಗಿ ಕೀಲಿನೊಳಗೆ ಬಿದ್ದವರಲ್ಲಿ ಆರು ವಾರಗಳ ಬಳಿಕ ಕೀಲಿನ ಬಳಕೆಯು ಹೆಚ್ಚು ಸುಧಾರಿಸಿತ್ತು. ಸೂಜಿ ಎಲ್ಲಿ ನಿಂತಿತು ಎಂಬುದು ಒಂದು ಪ್ರಶ್ನೆ, ರೋಗಿಗೆ ಹಿತವಾಯಿತೆ ಎಂಬುದು ಬೇರೊಂದು. ಎರಡಕ್ಕೂ ಸಾಕ್ಷ್ಯವನ್ನು ಬೇರೆಬೇರೆಯಾಗಿಯೇ ಕೇಳಬೇಕಾಗುತ್ತದೆ.

2017ರಲ್ಲಿ ಬಾಸ್ಟನ್ನಿನಿಂದ ಬಂದ ವರದಿಯು ಈ ಭೇದವನ್ನು ಇನ್ನೂ ತೀಕ್ಷ್ಣಗೊಳಿಸಿತು. ಸವೆತದ ಸಂಧಿವಾತವಿದ್ದ 140 ಮಂದಿಯ ಮಂಡಿಗಳಿಗೆ ಎರಡು ವರ್ಷ ಕಾಲ, ಹನ್ನೆರಡು ವಾರಗಳಿಗೊಮ್ಮೆ, ಅಲ್ಟ್ರಾಸೌಂಡಿನ ನೆರವಿನಿಂದಲೇ ಚುಚ್ಚಲಾಯಿತು: ಅರ್ಧದಷ್ಟು ಜನರಿಗೆ ಸ್ಟೀರಾಯ್ಡ್, ಉಳಿದವರಿಗೆ ಬರಿಯ ಉಪ್ಪುನೀರು. ನೋವಿನಲ್ಲಿ ಇಬ್ಬಗೆಯವರಿಗೂ ಗಣನೀಯ ವ್ಯತ್ಯಾಸವಿರಲಿಲ್ಲ. ಮೃದ್ವಸ್ಥಿಯ ಸವೆತವು ಮಾತ್ರ ಸ್ಟೀರಾಯ್ಡ್ ಪಡೆದವರಲ್ಲಿ ಹೆಚ್ಚಾಗಿತ್ತು. ಹನ್ನೆರಡು ವಾರಗಳಿಗೊಮ್ಮೆ ನೋವನ್ನು ಅಳೆದುದರಿಂದ ನಡುವಣ ಅಲ್ಪಕಾಲದ ಉಪಶಮನವು ಲೆಕ್ಕಕ್ಕೆ ಸಿಕ್ಕಿರಲಾರದೆಂಬ ಆಕ್ಷೇಪವುಂಟು, ಅದು ನ್ಯಾಯವಾದುದೇ. ಹೆಂಚ್ ಮತ್ತು ಹಾಲಂಡರರು ಮುಖ್ಯವಾಗಿ ಕಂಡ ಉರಿಯೂತದ ಸಂಧಿವಾತಕ್ಕೆ ಈ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲೂ ಬರುವುದಿಲ್ಲ.