ಒಂದೊಂದೂ ಮಿತಿಯೊಳಗಿದ್ದರೆ ಭಯವೇಕೆ?

ಪ್ರಶ್ನೆ: ನೀರಿನಲ್ಲಿರುವ ಪ್ರತಿಯೊಂದು ಕೀಟನಾಶಕವೂ ಮಿತಿಯೊಳಗಿದ್ದರೆ ಸಾಲದೇ? (ಗಂಗಾವತಿಯಿಂದ)

ಸಾಲದು. ದೇಹಕ್ಕೆ ಅವು ಸರದಿಯಲ್ಲಿ ಬರುವುದಿಲ್ಲ, ಒಟ್ಟಿಗೇ ಬರುತ್ತವೆ. 2002ರಲ್ಲಿ ಲಂಡನ್ನಿನ ಸಂಶೋಧಕರು ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುವ ಎಂಟು ರಾಸಾಯನಿಕಗಳನ್ನು, ಬಿಡಿಯಾಗಿ ಏನೂ ಮಾಡದಷ್ಟು ಕಡಿಮೆ ಪ್ರಮಾಣದಲ್ಲಿ ಬೆರೆಸಿ ಯೀಸ್ಟ್ ಕೋಶಗಳ ಮೇಲೆ ಪರೀಕ್ಷಿಸಿದರು. ಪರಿಣಾಮ ಸ್ಪಷ್ಟವಾಗಿ ಕಂಡಿತು.

ಕಾಸರಗೋಡಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಕೂಡ ಹೆಸರಿಗಷ್ಟೇ ಒಂದು. ಅದು ಆಲ್ಫಾ, ಬೀಟಾ ಎಂಬ ಎರಡು ರೂಪಗಳ ಮಿಶ್ರಣ. ಮಣ್ಣಿನಲ್ಲಿ ಅದರಿಂದ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಮತ್ತೂ ಹೆಚ್ಚು ಕಾಲ ಉಳಿಯುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ಬಳಕೆಯನ್ನು ತಡೆಯಿತು.

ರಾಸಾಯನಿಕಗಳು ಹೀಗೆ ಒಟ್ಟಿಗೇ ಬರುವುದರಿಂದ ಈಗಿನ ಅಧ್ಯಯನಗಳು ರಕ್ತದ ಒಂದೇ ಮಾದರಿಯಲ್ಲಿ ಹತ್ತಾರು ರಾಸಾಯನಿಕಗಳನ್ನು ಅಳೆದು, ಒಟ್ಟು ಹೊರೆಯನ್ನು ಆರೋಗ್ಯದೊಂದಿಗೆ ತಾಳೆ ನೋಡುತ್ತವೆ. ತುಂಗಭದ್ರಾ ಎಡದಂಡೆಯ ಗದ್ದೆಗಳಲ್ಲಿ ಎರಡು ಮೂರು ಕೀಟನಾಶಕ ಕಲಸಿ ಹೊಡೆಯುವವರ ಆರೋಗ್ಯವನ್ನೂ ಹೀಗೆಯೇ ನೋಡಬೇಕು.